ಕೊಲೆ, ಖೊಟ್ಟಿ ಕಾಗದ, ಕರಿಕೋಟು: ಕೋರ್ಟ್ ಥ್ರಿಲ್ಲರ್ ಕಟ್ಟುವ ಕ್ರಮ

ವಕೀಲನನ್ನು ನಾಯಕನಾಗಿಟ್ಟು ಥ್ರಿಲ್ಲರ್ ಬರೆಯಹೊರಟವರು ಹೆಚ್ಚಾಗಿ ಹೆಣದಿಂದ ಶುರು ಮಾಡುತ್ತಾರೆ. ಹೆಣ ಸಿಗುತ್ತದೆ, ಅಮಾಯಕ ಸಿಕ್ಕಿಬೀಳುತ್ತಾನೆ, ವಕೀಲ ಬಿಡಿಸುತ್ತಾನೆ. ಇಂಥ ಕಥೆಯಲ್ಲಿ ವಂಚನೆ ಕೊನೆಯ ಇಪ್ಪತ್ತು ಪುಟದಲ್ಲಿ ಯಾರೋ ಬಾಯಿಬಿಟ್ಟು ಹೇಳುವ ಕಾರಣವಾಗಿ ಉಳಿದುಬಿಡುತ್ತದೆ. ಓದುಗ ತಾನೇ ಅದನ್ನು ಪತ್ತೆಹಚ್ಚಲು ದಾರಿಯೇ ಇರುವುದಿಲ್ಲ. ಕ್ರಮ ತಿರುಗಿಸಿ. ಮೊದಲು ಕಾಗದ ಹುಟ್ಟಲಿ, ಆ ಕಾಗದ ಉಳಿಯಬೇಕಾದರೆ ಒಬ್ಬರು ಸಾಯಲೇಬೇಕು ಎನ್ನುವಂತಾಗಲಿ. ಆಗ ಕೊಲೆಗೂ ವಂಚನೆಗೂ ಒಂದೇ ಕೀಲು ಇರುತ್ತದೆ. ಕರ್ನಾಟಕದಲ್ಲಿ ಆ ಕೀಲು ಬಹುಮಟ್ಟಿಗೆ ಜಮೀನಿನದೇ.

ಮೊದಲು ವಂಚನೆಯನ್ನು ಆರಿಸಿ

ಒಂದೇ ಒಂದು ವಂಚನೆ ಸಾಕು. ಬ್ಯಾಂಕ್ ಸಾಲ, ಷೇರು, ಜಮೀನು, ಚಿಟ್‌ಫಂಡ್ ಎಲ್ಲವನ್ನೂ ತುರುಕಿದರೆ ಓದುಗ ನೂರನೇ ಪುಟಕ್ಕೆ ಲೆಕ್ಕ ಬಿಟ್ಟುಬಿಡುತ್ತಾನೆ. ಹೊಸದಾಗಿ ಬರೆಯುವವರಿಗೆ ನಮ್ಮ ಸಲಹೆ ಜಿಪಿಎ, ಅಂದರೆ ತನ್ನ ಪರವಾಗಿ ವ್ಯವಹರಿಸಲು ಮಾಲೀಕ ಇನ್ನೊಬ್ಬನಿಗೆ ಬರೆದುಕೊಡುವ ಸಾಮಾನ್ಯ ಅಧಿಕಾರ ಪತ್ರ. ಕಾರಣ ಸರಳ: ಅಧಿಕಾರ ಕೊಟ್ಟವರು ತೀರಿಕೊಂಡರೆ ಆ ಅಧಿಕಾರವೂ ಮುಗಿಯುತ್ತದೆ ಎನ್ನುತ್ತದೆ ಕರಾರು ಕಾಯ್ದೆಯ 201ನೇ ಕಲಂ. ಜಿಪಿಎಯಿಂದಲೇ ಮಾಲೀಕತ್ವ ವರ್ಗವಾಗುವುದಿಲ್ಲ, ನೋಂದಾಯಿತ ಕ್ರಯಪತ್ರ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಜಿಪಿಎ ಹಿಡಿದವನು ಕ್ರಯಪತ್ರ ನೋಂದಾಯಿಸಲೇಬೇಕು, ಅದೂ ಮಾಲೀಕ ಬದುಕಿರುವಾಗ.

ಈಗ ಮೂರು ತಾರೀಖು ಇಡಿ. ಸಾವು ಗುರುವಾರ ರಾತ್ರಿ. ನೋಂದಣಿ ಶುಕ್ರವಾರ ಮಧ್ಯಾಹ್ನ. ಸಾವು ಹೊರಗೆ ಗೊತ್ತಾದದ್ದು ಶನಿವಾರ ಬೆಳಿಗ್ಗೆ. ಖಳನಿಗೆ ಬೇಕಾದದ್ದು ಒಂದೇ: ಸಾವು ಶುಕ್ರವಾರ ಸಂಜೆ ಆಯಿತು ಎಂದು ದಾಖಲೆಯಾಗಬೇಕು. ಇನ್ನು ಸಾವಿನ ಸಮಯ ಕುರಿತು ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರನ್ನು ಕೇಳುವ ಪ್ರತಿ ಪ್ರಶ್ನೆಯೂ ಕೋಟ್ಯಂತರ ರೂಪಾಯಿಯ ಪ್ರಶ್ನೆಯಾಗುತ್ತದೆ. ಹೀಗೆ ಕಟ್ಟಿದರೆ ಸಿವಿಲ್ ಕೇಸೂ ಕ್ರಿಮಿನಲ್ ಕೇಸೂ ಒಂದೇ ಗಂಟೆಗಾಗಿ ಹೊಡೆದಾಡುತ್ತವೆ.

ಇದು ಕಲ್ಪನೆಗೆ ಮೀರಿದ್ದೇನೂ ಅಲ್ಲ. ಬೆಂಗಳೂರಿನ ರಿಚ್ಮಂಡ್ ರಸ್ತೆಯ ಮನೆಯೊಂದರಿಂದ 1991ರಲ್ಲಿ ಕಾಣೆಯಾದ ಮಹಿಳೆಯ ಅವಶೇಷ ಅದೇ ಮನೆಯ ಆವರಣದಲ್ಲಿ 1994ರಲ್ಲಿ ಸಿಕ್ಕಿತು. ಆ ನಡುವೆ ಅವರು ಬದುಕಿದ್ದಾರೆ ಎಂಬಂತೆ ಪತಿ ಅವರ ಅಧಿಕಾರ ಪತ್ರ ಬಳಸಿ ಆಸ್ತಿ ವ್ಯವಹಾರ ನಡೆಸಿದ್ದ. ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ ಎಂಬ 2007ರ ಸುಪ್ರೀಂ ಕೋರ್ಟ್ ತೀರ್ಪು ಅದೇ. ಕಥೆಗೆ ಕೈಹಾಕುವ ಮೊದಲು ಆ ತೀರ್ಪನ್ನು ಪೂರ್ತಿ ಓದಿ. ಸಂದರ್ಭಸಾಕ್ಷ್ಯದ ಕೊಂಡಿಗಳನ್ನು ಒಂದೊಂದಾಗಿ ಹೇಗೆ ಜೋಡಿಸುತ್ತಾರೆ ಎಂಬುದು ಅಲ್ಲಿ ತಿಳಿಯುತ್ತದೆ. ಆ ಕುಟುಂಬದ ಬದುಕನ್ನು ಮಾತ್ರ ನಿಮ್ಮ ಕಥೆಗೆ ಎತ್ತಿಕೊಳ್ಳಬೇಡಿ.

ಮಾಲೀಕರು ಅಮೆರಿಕದಲ್ಲಿರುವ ಕನ್ನಡಿಗರಾದರೆ ಇನ್ನೊಂದು ಗಂಟು ಸಿಗುತ್ತದೆ. ವಿದೇಶದಲ್ಲಿ ಬರೆದುಕೊಟ್ಟ ಜಿಪಿಎ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಕಾಗದ ಬಂದ ತಾರೀಖನ್ನು ತೋರಿಸುವ ಕೊರಿಯರ್ ಲಕೋಟೆಯನ್ನು ಯಾರು ಎತ್ತಿಟ್ಟಿದ್ದಾರೆ? ಅದು ನಿಮ್ಮ ಒಂದು ಅಧ್ಯಾಯ.

ಖೊಟ್ಟಿ ಕಾಗದದಲ್ಲಿ ತಪ್ಪು ಎಲ್ಲಿ ಉಳಿಯಬೇಕು

ಹಳೆಯ ದಾಖಲೆಯನ್ನು ಸೃಷ್ಟಿಸುವ ಖಳ ಅದನ್ನು ಮೂವತ್ತು ವರ್ಷಕ್ಕಿಂತ ಹಿಂದಕ್ಕೆ ಒಯ್ಯುತ್ತಾನೆ. ಅದಕ್ಕೆ ಕಾನೂನಿನದೇ ಕಾರಣವಿದೆ. ಇರಬೇಕಾದವರ ವಶದಿಂದ ಬಂದ, ಮೂವತ್ತು ವರ್ಷ ತುಂಬಿದ ದಾಖಲೆಯ ಸಹಿ ಮತ್ತು ಬರಹ ಸಾಚಾ ಎಂದು ನ್ಯಾಯಾಲಯ ಭಾವಿಸಿಕೊಳ್ಳಬಹುದು (ಭಾರತೀಯ ಸಾಕ್ಷ್ಯ ಅಧಿನಿಯಮದ 92ನೇ ಕಲಂ, ಹಳೆಯ ಕಾಯ್ದೆಯಲ್ಲಿ 90). ಸಹಿ ಹಾಕಿದವರೂ ಸಾಕ್ಷಿಗಳೂ ಬದುಕಿರದ ಕಾಲದ ಕಾಗದ ಅವನಿಗೆ ಅನುಕೂಲ. ಆದರೆ ಹಿಂದಕ್ಕೆ ಹೋದಷ್ಟೂ ಕಾಲದೋಷದ ಅಪಾಯ ಹೆಚ್ಚುತ್ತದೆ. ನಿಮ್ಮ ಕಥೆಯ ಸುಳಿವು ಅಲ್ಲೇ ಹುಟ್ಟಬೇಕು. ಕೆಲವು ಗಟ್ಟಿ ಸುಳಿವುಗಳು:

1971ರ ಪತ್ರದಲ್ಲಿ “ಕರ್ನಾಟಕ ರಾಜ್ಯ” ಎಂದಿದ್ದರೆ ಅದು ಸುಳ್ಳು, ಮೈಸೂರು ರಾಜ್ಯಕ್ಕೆ ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. 1970ರ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇರಲಾರದು, ಅದು ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ದೇವನಹಳ್ಳಿಯ ಜಮೀನಿನ 1979ರ ಪತ್ರ “ಬೆಂಗಳೂರು ಗ್ರಾಮಾಂತರ ಜಿಲ್ಲೆ” ಎಂದರೆ ಏಳು ವರ್ಷ ಮುಂದೆ ಹೋಯಿತು, ಆ ಜಿಲ್ಲೆ ರಚನೆಯಾದದ್ದು 1986ರಲ್ಲಿ. ಅಕ್ಷರವಿನ್ಯಾಸವೂ ಸಿಕ್ಕಿಸುತ್ತದೆ. ಪಾಕಿಸ್ತಾನದಲ್ಲಿ 2017ರಲ್ಲಿ ಪ್ರಧಾನಿಯ ಕುಟುಂಬ 2006ರದ್ದೆಂದು ಹಾಜರುಪಡಿಸಿದ ದಾಖಲೆ ಕ್ಯಾಲಿಬ್ರಿ ಅಕ್ಷರದಲ್ಲಿತ್ತು. ಅದು ಎಲ್ಲರ ಕೈಗೆ ಸಿಕ್ಕಿದ್ದು 2007ರಲ್ಲಿ.

ಇವುಗಳಲ್ಲಿ ಒಂದನ್ನು ಮಾತ್ರ ಬಳಸಿ, ಅದನ್ನು ಮೊದಲ ಮೂರನೇ ಒಂದು ಭಾಗದಲ್ಲೇ ಓದುಗನ ಕಣ್ಣಮುಂದೆ ಇಡಿ. ಪತ್ರದ ಒಕ್ಕಣೆಯನ್ನು ಅರ್ಧ ಪುಟ ಹಾಗೇ ಕೊಡಿ: ಚೆಕ್ಕುಬಂದಿ (ಜಮೀನಿನ ನಾಲ್ಕು ಗಡಿ), ಸರ್ವೆ ನಂಬರು, ಎಕರೆ, ಗುಂಟೆ (ನಲವತ್ತು ಗುಂಟೆಗೆ ಒಂದು ಎಕರೆ), ಸಾಕ್ಷಿಗಳು, ಬಿಕ್ಕಲಂ (ಪತ್ರ ಬರೆದವರ ಸಹಿ). ಆ ಒಕ್ಕಣೆಯ ನಡುವೆ “ಗ್ರಾಮಾಂತರ” ಎಂಬ ಪದ ಸಹಜವಾಗಿ ಕುಳಿತಿರಲಿ. ವಕೀಲನ ಕಣ್ಣಿಗೆ ಅದು ಇನ್ನೂರು ಪುಟದ ಮೇಲೆ ಬಿದ್ದಾಗ ಓದುಗ ಹಿಂದಕ್ಕೆ ತಿರುವಿ ನೋಡಬೇಕು. ದೇವನಹಳ್ಳಿಯನ್ನೇ ಉದಾಹರಿಸಿದ್ದಕ್ಕೂ ಕಾರಣವಿದೆ: 2008ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಅಲ್ಲಿನ ಜಮೀನಿಗೆ ಬಂದ ಬೆಲೆಯೇ ಕೊಲೆಗೆ ನಂಬುವಂಥ ಕಾರಣ.

ಶಾಯಿ ಪರೀಕ್ಷೆಯಿಂದ ಸಹಿ ಹಾಕಿದ ದಿನ ಗೊತ್ತಾಯಿತು ಎಂದು ಬರೆಯಬೇಡಿ. ಪ್ರಯೋಗಾಲಯ ಅಷ್ಟು ನಿಖರವಾಗಿ ಹೇಳುವುದಿಲ್ಲ. ಮಡಿಕೆಯ ಮೇಲೆ ಶಾಯಿ ಹರಡಿದೆ, ಹಾಗಾಗಿ ಕಾಗದ ಮಡಚಿದ ಮೇಲೆ ಸಹಿಯಾಗಿದೆ ಎನ್ನುವಷ್ಟು ಹೇಳಬಹುದು. ಕೈಬರಹ ತಜ್ಞರ ಅಭಿಪ್ರಾಯವೊಂದನ್ನೇ ನೆಚ್ಚಿ ತೀರ್ಪು ಕೊಡಲು ನ್ಯಾಯಾಲಯಗಳು ಹಿಂಜರಿಯುತ್ತವೆ, ಬೇರೆ ಬೆಂಬಲ ಕೇಳುತ್ತವೆ. ಉಪನೋಂದಣಿ ಕಚೇರಿಯಲ್ಲಿ ಈಗ ಪಕ್ಷಕಾರರ ಫೋಟೊ, ಹೆಬ್ಬೆಟ್ಟು ತೆಗೆಯುತ್ತಾರೆ. ಮಾಲೀಕನ ವೇಷದಲ್ಲಿ ಬೇರೊಬ್ಬ ಕೂತಿದ್ದರೆ ಅವನ ಮುಖ ದಾಖಲೆಯಲ್ಲಿ ಉಳಿದಿರುತ್ತದೆ. ಕ್ರಯಪತ್ರದ ದೃಢೀಕೃತ ನಕಲನ್ನು ಯಾರು ಬೇಕಾದರೂ ಶುಲ್ಕ ಕಟ್ಟಿ ಪಡೆಯಬಹುದು. ಉಯಿಲು ಬರೆದವರು ಬದುಕಿರುವಾಗ ಅದರ ನಕಲು ಅವರಿಗೆ ಅಥವಾ ಅವರ ಪ್ರತಿನಿಧಿಗೆ ಮಾತ್ರ ಸಿಗುತ್ತದೆ. ಬೀಗ ಒಡೆದು ದಾಖಲೆ ಕದಿಯುವ ದೃಶ್ಯವನ್ನು ಹೊಸಬರು ಬರೆಯುತ್ತಾರಲ್ಲ, ಅದರಲ್ಲಿ ಬಹುಪಾಲು ಅರ್ಜಿ ಹಾಕಿದರೆ ಸಿಗುವಂಥದ್ದು.

ವಕೀಲ ಸಿಲುಕುವ ಜಾಗ

ವಕೀಲನ ಮೇಲೆ ಗೂಂಡಾಗಳನ್ನು ಬಿಡುವುದಕ್ಕಿಂತ ಅವನ ವೃತ್ತಿಯ ಒಂದು ನಿಯಮವನ್ನು ಬಿಡಿ. ಅವನ ಕೈಬರಹ, ಅವನ ಮೊಹರು ಖೊಟ್ಟಿ ವ್ಯವಹಾರದ ಮೇಲಿದ್ದರೆ ಅವನು ಓಡಲಾರ. ಕ್ರಯಪತ್ರದ ಕರಡು ಬರೆದವನು ಅವನೇ ಇರಬಹುದು. ಉಯಿಲಿಗೆ ಸಾಕ್ಷಿ ಹಾಕಿರಬಹುದು, ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು, ಅವರಲ್ಲಿ ಒಬ್ಬರಾದರೂ ಬದುಕಿದ್ದು ಸಿಗುವಂತಿದ್ದರೆ ಕೋರ್ಟಿಗೆ ಬಂದು ನುಡಿಯಬೇಕು. ಇಬ್ಬರಲ್ಲಿ ಒಬ್ಬ ಕೊಲೆಯಾದ ಎಂದಿಟ್ಟುಕೊಳ್ಳಿ, ಉಳಿದವನು ನಿಮ್ಮ ವಕೀಲ. ಆಗ ಇನ್ನೊಂದು ಬಾಗಿಲೂ ಮುಚ್ಚುತ್ತದೆ: ತಾನೇ ಸಾಕ್ಷಿಯಾಗಬೇಕಾದೀತು ಎಂದು ನಂಬಲು ಕಾರಣವಿರುವ ಮೊಕದ್ದಮೆಯಲ್ಲಿ ವಕೀಲ ವಕಾಲತ್ತು ಹಾಕಬಾರದು ಎನ್ನುತ್ತದೆ ಭಾರತೀಯ ವಕೀಲರ ಪರಿಷತ್ತಿನ ನಿಯಮ. ಯಾರನ್ನು ಉಳಿಸಬೇಕೋ ಅವರ ಪರವಾಗಿ ನಿಲ್ಲುವ ಹಕ್ಕನ್ನೇ ಅವನು ಕಳೆದುಕೊಳ್ಳುತ್ತಾನೆ.

ಬ್ಯಾಂಕಿನ ಪ್ಯಾನೆಲ್ ವಕೀಲನಾದರೆ ಮತ್ತೂ ಚೆನ್ನ. ಋಣಭಾರ ಪತ್ರ (ಆಸ್ತಿಯ ಮೇಲಿನ ಸಾಲ, ವ್ಯವಹಾರಗಳ ಪಟ್ಟಿ) ನೋಡಿ, ಮೂಲ ಪತ್ರ ನೋಡಿ, “ಹಕ್ಕು ಸ್ಪಷ್ಟವಿದೆ” ಎಂದು ವರದಿ ಕೊಟ್ಟ. ಸಾಲ ಬಿಡುಗಡೆಯಾಯಿತು, ಪತ್ರ ಖೊಟ್ಟಿ ಎಂದು ತಿಳಿಯಿತು. ಈಗ ಅವನು ಆರೋಪಿಯೇ? ಸಿಬಿಐ ವಿರುದ್ಧ ಕೆ. ನಾರಾಯಣ ರಾವ್ ಪ್ರಕರಣದಲ್ಲಿ (2012) ಸುಪ್ರೀಂ ಕೋರ್ಟ್ ಗೆರೆ ಎಳೆದಿದೆ: ಅಭಿಪ್ರಾಯ ತಪ್ಪಾಯಿತು ಎಂಬ ಒಂದೇ ಕಾರಣಕ್ಕೆ ಕ್ರಿಮಿನಲ್ ಮೊಕದ್ದಮೆ ನಿಲ್ಲದು, ಸಂಚಿನಲ್ಲಿ ಕೈಜೋಡಿಸಿದ್ದಕ್ಕೆ ಪುರಾವೆ ಬೇಕು. ಹಾಗಾದರೆ ತನಿಖಾಧಿಕಾರಿ ಹುಡುಕುವುದು ಆ ಕೈಜೋಡಿಸಿದ ಕುರುಹನ್ನು. ವರದಿ ಕೊಟ್ಟ ವಾರದಲ್ಲೇ ವಕೀಲನ ಖಾತೆಗೆ ಬಂದ ಹಣ, ಅದು ಬೇರೆ ಕೇಸಿನ ಬಾಕಿ ಫೀಸು ಎಂದು ತೋರಿಸಲು ರಸೀತಿ ಇಲ್ಲದಿರುವುದು. ನಿರಪರಾಧಿಯನ್ನು ಸಿಕ್ಕಿಸಲು ಇಷ್ಟು ಸಾಕು, ಮತ್ತು ಓದುಗನೂ ಸ್ವಲ್ಪ ಅನುಮಾನಿಸಬೇಕು.

ಕಥೆಯ ಗಟ್ಟಿ ತಿರುಳು ಮಾತ್ರ ಗೌಪ್ಯತೆಯ ನಿಯಮದಲ್ಲಿದೆ. ಇದನ್ನು ತಪ್ಪು ತಿಳಿದವರೇ ಹೆಚ್ಚು. ಕಕ್ಷಿದಾರ ಹೇಳಿದ್ದೆಲ್ಲವೂ ಗುಟ್ಟು ಎಂದು ಬರೆದುಬಿಡುತ್ತಾರೆ. ಸಾಕ್ಷ್ಯ ಅಧಿನಿಯಮದ 132ನೇ ಕಲಂ (ಹಳೆಯ 126) ಕೆಳಗೆ ಕೊಟ್ಟಿರುವ ದೃಷ್ಟಾಂತಗಳೇ ಮೂರು ಥ್ರಿಲ್ಲರ್‌ಗಳ ಬೀಜ. “ನಾನು ಖೊಟ್ಟಿ ಪತ್ರ ಸೃಷ್ಟಿಸಿದ್ದೇನೆ, ನನ್ನನ್ನು ಉಳಿಸಿ” ಎಂದು ಬಂದವನ ಮಾತಿಗೆ ರಕ್ಷಣೆ ಇದೆ. “ಈ ಖೊಟ್ಟಿ ಪತ್ರದ ಮೇಲೆ ದಾವೆ ಹೂಡಿ ಆಸ್ತಿ ಕೊಡಿಸಿ” ಎಂದವನ ಮಾತಿಗೆ ರಕ್ಷಣೆ ಇಲ್ಲ, ಏಕೆಂದರೆ ಅದು ಮುಂದೆ ನಡೆಯಬೇಕಾದ ಅಪರಾಧಕ್ಕೆ ನೆರವು ಕೇಳಿದ್ದು. ಮೂರನೆಯದು ಇನ್ನೂ ಸೂಕ್ಷ್ಮ: ಹಣ ದುರುಪಯೋಗದ ಆರೋಪಿಯ ಲೆಕ್ಕದ ಪುಸ್ತಕದಲ್ಲಿ, ಕೇಸು ಹಿಡಿದಾಗ ಇಲ್ಲದಿದ್ದ ನಮೂದೊಂದು ಈಗ ಇರುವುದನ್ನು ವಕೀಲ ಗಮನಿಸುತ್ತಾನೆ. ತನ್ನ ಕಣ್ಣೆದುರು ಆದ ಆ ವಂಚನೆಗೆ ರಕ್ಷಣೆ ಇಲ್ಲ.

ಈ ಮೂರನೆಯದನ್ನು ನಿಮ್ಮ ನಡುವಣ ಅಧ್ಯಾಯಕ್ಕೆ ಇಟ್ಟುಕೊಳ್ಳಿ. ಕೇಸಿನ ಕಟ್ಟು ಬಿಚ್ಚಿದಾಗ ಹಿಂದಿನ ಮುದ್ದತ್ತಿನಲ್ಲಿ ಇಲ್ಲದಿದ್ದ ಒಂದು ಹಾಳೆ ಒಳಗಿದೆ. ಬಾಯಿಬಿಟ್ಟರೆ ಕಕ್ಷಿದಾರನಿಗೆ ದ್ರೋಹವೇ? ಬಿಡದಿದ್ದರೆ ವಕೀಲನೂ ಪಾಲುದಾರನೇ? ಜೂನಿಯರ್‌ಗೆ ಕಂಡಿತೇ? ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ತನಿಖಾಧಿಕಾರಿ ಮನಬಂದಂತೆ ಆರೋಪಿಯ ವಕೀಲನಿಗೆ ಸಮನ್ಸ್ ಕೊಡುವಂತಿಲ್ಲ. 132ನೇ ಕಲಮಿನ ಅಪವಾದಕ್ಕೆ ಒಳಪಡುವ ಸಂಗತಿ ಎಂದು ತೋರಿಸಿ, ಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಮೇಲಧಿಕಾರಿಯ ಲಿಖಿತ ಒಪ್ಪಿಗೆ ಪಡೆದಿರಬೇಕು. ಹಾಗಾಗಿ ಠಾಣೆಗೆ ಕರೆಸಿ ಗದರಿಸುವ ಹಳೆಯ ದೃಶ್ಯ ಇಂದಿನ ಕಾಲದ ಕಥೆಯಲ್ಲಿ ಹಾಗೇ ನಿಲ್ಲುವುದಿಲ್ಲ.

ಕೊಲೆಯ ಪಂಚಾಂಗ

ಮೊದಲು ತೀರ್ಮಾನಿಸಬೇಕಾದದ್ದು: ಕೃತ್ಯ 2024ರ ಜುಲೈ 1ರ ಹಿಂದೆಯೋ ಮುಂದೆಯೋ. ಹಿಂದಾದರೆ ಐಪಿಸಿ 302, 420, 467. ಅಂದಿನಿಂದ ಭಾರತೀಯ ನ್ಯಾಯ ಸಂಹಿತೆಯ 103 (ಕೊಲೆ), 318 (ವಂಚನೆ), 338 (ಉಯಿಲು, ಕ್ರಯಪತ್ರದಂಥ ದಾಖಲೆಯ ಖೊಟ್ಟಿ ಸೃಷ್ಟಿ), 238 (ಸಾಕ್ಷ್ಯನಾಶ). 2023ರಲ್ಲಿ ಕೊಲೆಯಾಗಿ 2025ರಲ್ಲಿ ವಿಚಾರಣೆ ನಡೆಯುವ ಕಥೆಯಲ್ಲಿ ಆರೋಪ ಹಳೆಯ ಸಂಹಿತೆಯದೇ ಇರುತ್ತದೆ. ಬರೆಯುವವರು ಮುಗ್ಗರಿಸುವುದು ಇಲ್ಲೇ.

ಹೆಣ ಸಿಕ್ಕ ತಕ್ಷಣ ಕೊಲೆ ಕೇಸು ದಾಖಲಾಗಬೇಕಿಲ್ಲ. ಬಿದ್ದು ಸತ್ತಂತೆ ಕಂಡರೆ ಠಾಣೆಯಲ್ಲಿ ಮೊದಲು ಯುಡಿಆರ್ (ಅಸಹಜ ಸಾವಿನ ವರದಿ) ಎಂದು ದಾಖಲಿಸಿ, ಪಂಚರ ಮುಂದೆ ಶವ ಮಹಜರು ನಡೆಸುತ್ತಾರೆ. ಕೆಲವು ದಿನದ ಮೇಲೆ ಮರಣೋತ್ತರ ವರದಿ ಬಂದು ಕೊಲೆಯಾಗಿ ಬದಲಾಗುತ್ತದೆ. ಆ ನಡುವಿನ ದಿನಗಳು ನಿಮ್ಮ ಕಥೆಗೆ ಬಂಗಾರ. ಮನೆ ತೊಳೆದಾಗಿದೆ, ದಹನ ಮುಗಿದಿದೆ, ಮೊಬೈಲು ಕಾಣೆಯಾಗಿದೆ. ವಿದೇಶದಿಂದ ಮಕ್ಕಳು ಬರಲೆಂದು ಹೆಣವನ್ನು ಫ್ರೀಜರ್ ಬಾಕ್ಸಿನಲ್ಲಿ ಇಡುವುದು ನಮ್ಮಲ್ಲಿ ರೂಢಿ. ತಂಪಿನಲ್ಲಿಟ್ಟ ದೇಹದಲ್ಲಿ ಬದಲಾವಣೆ ನಿಧಾನವಾಗುತ್ತದೆ, ಸಾವಿನ ಸಮಯದ ಅಂದಾಜು ಕೆಡುತ್ತದೆ. ಮರಣೋತ್ತರಕ್ಕೆ ಮೊದಲು ಯಾರು ಫ್ರೀಜರ್ ತರಿಸಿದರು, ಬಾಡಿಗೆ ಚೀಟಿಯಲ್ಲಿ ಎಷ್ಟು ಗಂಟೆ ಎಂದಿದೆ? ಗುರುವಾರವೋ ಶುಕ್ರವಾರವೋ ಎಂಬ ನಿಮ್ಮ ಮೂಲ ಪ್ರಶ್ನೆಗೆ ಆ ಚೀಟಿ ಉತ್ತರ ಕೊಡುತ್ತದೆ. ವೈದ್ಯರು ಸಾಕ್ಷಿಕಟ್ಟೆಯಲ್ಲಿ “ಸುಮಾರು ಹನ್ನೆರಡರಿಂದ ಹದಿನೆಂಟು ಗಂಟೆ” ಎಂಬಂತೆ ಅಂತರ ಹೇಳುತ್ತಾರೆ, “ರಾತ್ರಿ 10.40ಕ್ಕೆ” ಎನ್ನುವುದಿಲ್ಲ.

ಬಂಧನದ ಮೇಲೆ ಗಡಿಯಾರ ಓಡುತ್ತದೆ. ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ. ಕೊಲೆ ಪ್ರಕರಣದಲ್ಲಿ ತೊಂಬತ್ತು ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲದಿದ್ದರೆ ಆರೋಪಿಗೆ ಜಾಮೀನಿನ ಹಕ್ಕು ಹುಟ್ಟುತ್ತದೆ. ಎಂಬತ್ತೊಂಬತ್ತನೇ ದಿನದ ಸಂಜೆಯನ್ನು ಒಂದು ಅಧ್ಯಾಯ ಮಾಡಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ, ಆದರೆ ಆ ಮಾತಿನಿಂದ ಒಂದು ವಸ್ತು ಪತ್ತೆಯಾದರೆ ಅಷ್ಟು ಭಾಗ ನಿಲ್ಲುತ್ತದೆ. ಚಾಕು ತಂದಿಟ್ಟು ಪಂಚನಾಮೆ ಬರೆಯುವ ಹಳೆಯ ತಂತ್ರಕ್ಕೂ ಈಗ ಅಡ್ಡಿಯಿದೆ: ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಶೋಧ, ಜಪ್ತಿಯ ದೃಶ್ಯ-ಧ್ವನಿ ಮುದ್ರಣವಾಗಬೇಕು. ಮುದ್ರಣ ಎಷ್ಟು ನಿಮಿಷ ನಿಂತುಹೋಗಿತ್ತು ಎಂಬುದು ಒಳ್ಳೆಯ ಪಾಟೀಸವಾಲಿನ ವಸ್ತು.

ಕೋರ್ಟ್ ಹಾಲು

ನಮ್ಮಲ್ಲಿ ಜ್ಯೂರಿ ಇಲ್ಲ, ಸುತ್ತಿಗೆ ಬಡಿಯುವ ನ್ಯಾಯಾಧೀಶರೂ ಇಲ್ಲ. ಹನ್ನೆರಡು ಜನರ ಮನ ಕರಗಿಸುವ ಭಾಷಣಕ್ಕೆ ಇಲ್ಲಿ ಕೇಳುಗರಿಲ್ಲ. ವಾದ ಕೇಳುವವರು ಒಬ್ಬ ಸೆಷನ್ಸ್ ನ್ಯಾಯಾಧೀಶರು, ಅವರ ಮೇಜಿನ ಮೇಲೆ ಅಂದೇ ಇನ್ನೂ ಹತ್ತಾರು ಕೇಸು. ಆ ಒತ್ತಡವನ್ನು ತನ್ನಿ. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ಕಥನ ರೂಪದಲ್ಲಿ ಬರೆಸುತ್ತಾರೆ. ಸಾಕ್ಷಿಯ ಬಾಯಿಂದ ಬಂದದ್ದು ಒಂದು, ದಾಖಲಾದದ್ದು ಸ್ವಲ್ಪ ಬೇರೆ. “ಪ್ರಶ್ನೋತ್ತರ ರೂಪದಲ್ಲೇ ಬರೆಸಿಕೊಳ್ಳಬೇಕು ಸ್ವಾಮಿ” ಎಂದು ವಕೀಲ ಎದ್ದು ಕೇಳುವ ಕ್ಷಣದಲ್ಲಿ ಕೂಗಾಟಕ್ಕಿಂತ ಹೆಚ್ಚು ಬಿಸಿ ಇದೆ.

ಪಾಟೀಸವಾಲಿನ ಸಂಭಾಷಣೆ ಹೀಗಿರಲಿ:

“ಅವತ್ತು ಮನೆಯಲ್ಲಿ ಕರೆಂಟ್ ಇರಲಿಲ್ಲ ಅಂದರೆ ಸರಿ ತಾನೇ?”
“ಸರಿ.”
“ಪೊಲೀಸರ ಮುಂದೆ ಹೇಳಿಕೆ ಕೊಡುವಾಗ ಇದನ್ನು ಹೇಳಿಲ್ಲ.”
“ಅವರು ಕೇಳಲಿಲ್ಲ.”
“ಮುಖ ನೋಡಿ ಗುರುತು ಹಿಡಿದೆ ಅನ್ನೋದು ಸುಳ್ಳು.”
“ಸುಳ್ಳಲ್ಲ.”

ಚಿಕ್ಕ ಪ್ರಶ್ನೆ, ಒಂದು ಸಂಗತಿಗೆ ಒಂದು. ಕೊನೆಯ ಪ್ರಶ್ನೆ ಕೇಳದೇ ಕೂರುವುದು ಅನುಭವಿ ವಕೀಲನ ಲಕ್ಷಣ. ಕಟಕಟೆಯಲ್ಲೇ ಕೊಲೆಗಾರ ಒಪ್ಪಿಕೊಳ್ಳುವಂತೆ ಮಾಡಬೇಡಿ. ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಅದನ್ನು ವಿರೋಧಾಭಾಸ ತೋರಿಸಲು ಬಳಸುವಾಗ ಆ ಭಾಗವನ್ನೇ ಓದಿ ಕೇಳಬೇಕು. ದೋಷಾರೋಪ ಪಟ್ಟಿಯಲ್ಲಿಲ್ಲದ ಸಾಕ್ಷಿ ಬಾಗಿಲು ತಳ್ಳಿಕೊಂಡು ಒಳಗೆ ಬರಲಾರ, ಅರ್ಜಿ ಬೇಕು, ಎದುರು ಪಕ್ಷದ ತಕರಾರು ಇರುತ್ತದೆ. ತಾಲ್ಲೂಕು, ಜಿಲ್ಲಾ ನ್ಯಾಯಾಲಯದಲ್ಲಿ “ಸರ್”, “ಸ್ವಾಮಿ” ಸಾಮಾನ್ಯ. ವಾಟ್ಸ್ಯಾಪ್ ಸಂದೇಶ, ಸಿಸಿಟಿವಿ ಹಾಜರುಪಡಿಸುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವೂ (ಕಡತ ಬದಲಾಗಿದ್ದರೆ ತೋರಿಸಿಕೊಡುವ ಸಂಕೇತ) ಇರುತ್ತದೆ.

ಊರು ಆರಿಸಿದಾಗ ಪೀಠವನ್ನೂ ನೋಡಿಕೊಳ್ಳಿ. ಶಿರಸಿಯ ಕೇಸಿನ ಜಾಮೀನು ಅರ್ಜಿ ಹೈಕೋರ್ಟಿನ ಧಾರವಾಡ ಪೀಠಕ್ಕೆ, ರಾಯಚೂರಿನದು ಕಲಬುರಗಿಗೆ, ಶಿವಮೊಗ್ಗದ್ದು ಬೆಂಗಳೂರಿಗೆ ಹೋಗುತ್ತದೆ.

ತಿರುವು

ಓದುಗ ಊಹಿಸದ ತಿರುವಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 25 ಮತ್ತು 27ನೇ ಕಲಂ ನೋಡಿ. ಕೊಲೆ ಮಾಡಿದವನಿಗೆ, ಅದಕ್ಕೆ ಕುಮ್ಮಕ್ಕು ಕೊಟ್ಟವನಿಗೆ ಸತ್ತವರ ಆಸ್ತಿ ಬರುವುದಿಲ್ಲ. ಅವನು ಮೊದಲೇ ಸತ್ತಿದ್ದ ಎಂಬಂತೆ ಪಾಲು ಮುಂದಿನವರಿಗೆ ಹೋಗುತ್ತದೆ. ಇದನ್ನು ತಿರುಗಿಸಿ ಯೋಚಿಸಿ. ಕೊಲೆಯಿಂದ ನೇರ ಲಾಭವಿಲ್ಲದ ಒಬ್ಬ ಇದ್ದಾನೆ, ಆದರೆ ಸತ್ತವರ ಮಗನಿಗೆ ಕೊಲೆಗಾಗಿ ಶಿಕ್ಷೆಯಾದರೆ ಆಸ್ತಿ ಅವನಿಗೆ ಬರುತ್ತದೆ. ಅವನಿಗೆ ಬೇಕಾದದ್ದು ಸೋಲುವ ವಕೀಲ. ನಿಮ್ಮ ನಾಯಕನನ್ನು ಹುಡುಕಿ, ಕೈತುಂಬ ಫೀಸು ಕೊಟ್ಟು ಆ ಮಗನ ಪರ ನೇಮಿಸಿದವನು ಅವನೇ ಎಂದಾಗ ಮೊದಲ ಅಧ್ಯಾಯದ ಔದಾರ್ಯಕ್ಕೆ ಬೇರೆಯೇ ಅರ್ಥ ಬರುತ್ತದೆ. ವಂಶವೃಕ್ಷವನ್ನು ಆರಂಭದಲ್ಲೇ ಯಾವುದೋ ಖಾತೆ ಬದಲಾವಣೆಯ ನೆಪದಲ್ಲಿ ಓದುಗನಿಗೆ ತೋರಿಸಿರಿ.

ಬರೆಯುವ ಮೊದಲು, ಬರೆದ ಮೇಲೆ

ಇನ್ನೂರೈವತ್ತು ಪುಟದ ಕಾದಂಬರಿಗೆ ಆರಕ್ಕಿಂತ ಹೆಚ್ಚು ದಾಖಲೆ ಬೇಡ. ಪ್ರತಿಯೊಂದಕ್ಕೂ ಒಂದು ಹಾಳೆ ತೆಗೆದು, ಬರೆದ ತಾರೀಖು, ನೋಂದಣಿ ತಾರೀಖು, ಯಾರ ಕೈಯಲ್ಲಿತ್ತು, ವಕೀಲ ಯಾವಾಗ ಕಂಡ, ಓದುಗ ಯಾವಾಗ ಕಂಡ ಎಂದು ಐದು ಕಾಲಂ ಹಾಕಿ. ಆ ವರ್ಷದ ಕ್ಯಾಲೆಂಡರ್ ಪಕ್ಕದಲ್ಲಿರಲಿ, ಕಚೇರಿ ಮುಚ್ಚಿದ್ದ ದಿನ ನೋಂದಣಿಯಾದ ಕ್ರಯಪತ್ರ ಬರೆದುಬಿಟ್ಟರೆ ಇಡೀ ಗಂಟು ಬಿಚ್ಚುತ್ತದೆ. ಸಾವನ್ನು ಇಪ್ಪತ್ತೊಂದು ದಿನದೊಳಗೆ ನೋಂದಾಯಿಸಬೇಕೆಂಬ ನಿಯಮವನ್ನೂ ಆ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.

ಜಿಲ್ಲಾ ನ್ಯಾಯಾಲಯದಲ್ಲಿ ಎರಡು ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ನಡಾವಳಿ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತದೆ, ಮೊಬೈಲು ಮೌನವಾಗಿರಲಿ, ರೆಕಾರ್ಡ್ ಮಾಡಬೇಡಿ. ಸಾಕ್ಷಿ ಕರೆಯುವ ಕೂಗು, ಬೆಂಚ್ ಕ್ಲರ್ಕ್ ಮುಂದಿನ ತಾರೀಖು ಹೇಳುವ ರೀತಿ, ಆರೋಪಿ ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ಹೊರಗೆ ಬಂದು ಬರೆದುಕೊಳ್ಳಿ. ಕರಡು ಮುಗಿದ ಮೇಲೆ ಇಬ್ಬರಿಗೆ ಓದಿಸಿ: ಸೆಷನ್ಸ್ ಕೇಸು ನಡೆಸುವ ಒಬ್ಬ ವಕೀಲರು ಮತ್ತು ಒಬ್ಬ ಅನುಭವಿ ಪತ್ರಬರಹಗಾರರು. ವಕೀಲರು ಕಲಂ ತಿದ್ದುತ್ತಾರೆ. ಕ್ರಯಪತ್ರದ ಒಕ್ಕಣೆಯಲ್ಲಿ ಏನು ತಪ್ಪಿದೆ ಎಂದು ಹೇಳಬಲ್ಲವರು ಪತ್ರಬರಹಗಾರರು, ನೀವು ಬೇಕೆಂದೇ ಇಟ್ಟ ತಪ್ಪನ್ನು ಅವರಿಗೆ ಮೊದಲೇ ಹೇಳಬೇಡಿ.